ಕೈಯಲ್ಲಿ ಉಬ್ಬಿದ ನರ, ಎದ್ದ ಗಂಟು: ಕಾರಣ ಹುಡುಕುವ ಕ್ರಮ

ನಮ್ಮ ಆಡುಮಾತಿನಲ್ಲಿ ‘ನರ’ ಎಂಬ ಒಂದೇ ಪದ ಮೂರು ಅಂಗಗಳ ಹೆಸರನ್ನು ಹೊತ್ತುಕೊಂಡಿದೆ. ಹಿಂಗೈಯ ಚರ್ಮದಡಿ ನೀಲಿಯಾಗಿ ಕಾಣುವ, ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಯೂ ನರ, ಬೆರಳನ್ನು ಮೇಲೆತ್ತಿದಾಗ ತಂತಿಯಂತೆ ಬಿಗಿಯುವ ಸ್ನಾಯುರಜ್ಜುವೂ ನರ, ಮೊಣಕೈ ಬಾಗಿಲಿಗೆ ಬಡಿದಾಗ ಕಿರುಬೆರಳಿನ ತುದಿಯವರೆಗೆ ಜುಮ್ಮೆನಿಸುವ ನಿಜವಾದ ನರವೂ ನರ. ಹಾಗಾಗಿ ‘ಕೈಯಲ್ಲಿ ನರ ಉಬ್ಬಿದೆ’ ಎಂದು ಹೇಳಿಕೊಂಡು ಬರುವವರ ಪೈಕಿ ಒಬ್ಬರಿಗೆ ಏನೂ ಆಗಿರುವುದಿಲ್ಲ, ಇನ್ನೊಬ್ಬರಿಗೆ ಕೀಲಿನ ಪಕ್ಕ ನೀರುಗಂಟು ಎದ್ದಿರುತ್ತದೆ, ಮತ್ತೊಬ್ಬರಿಗೆ ತೋಳಿನೊಳಗೆ ರಕ್ತ ಹೆಪ್ಪುಗಟ್ಟಿರುತ್ತದೆ. ಉಬ್ಬಿರುವುದು ಈ ಮೂರರಲ್ಲಿ ಯಾವುದು, ಅಥವಾ ಇವು ಯಾವುವೂ ಅಲ್ಲದ ಬೇರೊಂದು ಗಂಟೇ ಎಂಬುದನ್ನು ಮೊದಲು ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಇಲ್ಲಿ ಕಣ್ಣಿಗೆ ಕಾಣುವ, ಬೆರಳಿಗೆ ಸಿಗುವ ಲಕ್ಷಣಗಳನ್ನೇ ಹಿಡಿದು, ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ ಸ್ಕ್ಯಾನ್ ಮತ್ತು ತಜ್ಞರವರೆಗೆ ಹೋಗಲಾಗಿದೆ.

ಪರೀಕ್ಷೆಗೆ ಕುಳಿತುಕೊಳ್ಳದೆ ಆಸ್ಪತ್ರೆಗೆ ಹೊರಡಬೇಕಾದ ಸ್ಥಿತಿಗಳು

ಒಂದೇ ತೋಳು ಕೆಲವು ಗಂಟೆಗಳಲ್ಲಿ ಅಥವಾ ಒಂದು ದಿನದೊಳಗೆ ಊದಿ, ಭಾರವಾಗಿ, ನೀಲಿಗಟ್ಟಿದ್ದರೆ ಅದೇ ದಿನ ಆಸ್ಪತ್ರೆಯನ್ನು ತಲುಪಬೇಕು. ಅದರ ಜೊತೆ ಉಸಿರು ಕಟ್ಟುವುದು, ಉಸಿರೆಳೆದಾಗ ಎದೆ ಚುಚ್ಚುವುದು ಅಥವಾ ಕೆಮ್ಮಿನಲ್ಲಿ ರಕ್ತ ಕಾಣುವುದು ಇದ್ದರೆ 108ಕ್ಕೆ ಕರೆ ಮಾಡುವುದರಲ್ಲಿ ತಡಮಾಡಬಾರದು. ನಾಡಿಯಂತೆ ಮಿಡಿಯುತ್ತ ದೊಡ್ಡದಾಗುತ್ತಿರುವ ಗಂಟು, ಬಿಳಿಚಿ ತಣ್ಣಗಾದ ಬೆರಳು, ಗಾಯದಿಂದ ಕಂಕುಳಿನ ಕಡೆಗೆ ಏರುವ ಕೆಂಪು ಗೆರೆಯ ಜೊತೆ ಚಳಿಜ್ವರ, ಬಾಗಿದಂತೆಯೇ ನಿಂತು ನೇರ ಮಾಡಹೋದರೆ ಜೀವ ಹೋಗುವಂಥ ನೋವು ಕೊಡುವ ಊದಿದ ಬೆರಳು, ಇವೂ ಅದೇ ಸಾಲಿಗೆ ಸೇರುತ್ತವೆ. ಗರ್ಭಿಣಿಗೆ ಐದನೆಯ ತಿಂಗಳು ದಾಟಿದ ಮೇಲೆ ಕೈ ಮತ್ತು ಮುಖ ಒಮ್ಮೆಲೇ ಊದಿಕೊಂಡು, ತಲೆನೋವು ಅಥವಾ ಕಣ್ಣು ಮಂಜಾಗುವುದು ಕಂಡರೆ ಅದು ಕೈಯ ತೊಂದರೆಯಲ್ಲ, ರಕ್ತದೊತ್ತಡದ್ದು. 140/90 ಅಥವಾ ಅದಕ್ಕಿಂತ ಹೆಚ್ಚಿನ ಅಳತೆ ಬಂದರೆ ಹೆರಿಗೆ ತಜ್ಞರು ಕೂಡಲೇ ನೋಡಬೇಕು.

ಇವುಗಳಲ್ಲಿ ಯಾವುದೇ ಇರಲಿ, ಹೊರಡುವ ಮೊದಲು ಆ ಕೈಯ ಉಂಗುರ, ಬಳೆ, ವಾಚು, ಕೈಗೆ ಕಟ್ಟಿದ ದಾರ ಎಲ್ಲವನ್ನೂ ತೆಗೆದುಬಿಡಿ. ಬಾವು ಏರಿದ ಮೇಲೆ ಉಂಗುರ ಬೆರಳಿನ ರಕ್ತವನ್ನೇ ತಡೆಯುತ್ತದೆ. ಸೀಮಂತದಲ್ಲಿ ಕೈತುಂಬ ತೊಡಿಸಿದ ಗಾಜಿನ ಬಳೆಗಳನ್ನು ತೆಗೆಯಲು ಮನೆಯವರು ಹಿಂದೆಮುಂದೆ ನೋಡುವುದುಂಟು. ಕೈ ಊದುತ್ತಿರುವಾಗ ಆ ಸಂಕೋಚಕ್ಕೆ ಎಡೆ ಇರಬಾರದು.

ಹಿಂಗೈಯ ನಾಳಗಳು ಎದ್ದು ಕಾಣುತ್ತವೆ, ನೋವಿಲ್ಲ

ಹೆಚ್ಚಿನವರ ಆತಂಕ ಇಲ್ಲಿಂದಲೇ ಆರಂಭವಾಗುತ್ತದೆ. ಐದು ನಿಮಿಷ ನೆರಳಿನಲ್ಲಿ ಕುಳಿತು ಸುಧಾರಿಸಿಕೊಳ್ಳಿ. ಎರಡೂ ಕೈಗಳನ್ನು ಕುರ್ಚಿಯ ಪಕ್ಕ ಅರ್ಧ ನಿಮಿಷ ಇಳಿಬಿಡಿ. ನಾಳಗಳು ತುಂಬಿಕೊಂಡು ಉಬ್ಬುತ್ತವೆ. ಬಳಿಕ ಕೈಗಳನ್ನು ನಿಧಾನವಾಗಿ ಎದೆಯ ಮಟ್ಟ ದಾಟಿಸಿ ತಲೆಯ ಮೇಲಕ್ಕೆ ಎತ್ತಿ ಹಿಡಿಯಿರಿ. ಕೆಲವೇ ಕ್ಷಣಗಳಲ್ಲಿ ಉಬ್ಬು ಇಳಿದು, ನಾಳವಿದ್ದ ಜಾಗ ಚಪ್ಪಟೆಯಾದರೆ ಅಥವಾ ಸಣ್ಣ ಹಳ್ಳದಂತಾದರೆ, ಅದು ಅಭಿಧಮನಿಯೇ ಆಗಿದ್ದು, ಅದರಿಂದ ಹೃದಯದವರೆಗಿನ ದಾರಿ ತೆರೆದಿದೆ ಎಂದು ಅರ್ಥ. ಅಭಿಧಮನಿಯ ಗೋಡೆ ತೆಳು, ಒಳಗಿನ ಒತ್ತಡ ಕಡಿಮೆ. ಕೈ ಹೃದಯಕ್ಕಿಂತ ಮೇಲಿದ್ದರೆ ರಕ್ತ ತಾನಾಗಿ ಕೆಳಗೆ ಹರಿದುಹೋಗುತ್ತದೆ. ಸ್ನಾಯುರಜ್ಜುವಾದರೆ ಕೈ ಎತ್ತುವುದರಿಂದ ಬದಲಾಗುವುದಿಲ್ಲ, ಬೆರಳು ಆಡಿಸಿದರೆ ಮಾತ್ರ ಚಲಿಸುತ್ತದೆ.

ನಾಳದ ಉದ್ದಕ್ಕೆ ಅಲ್ಲಲ್ಲಿ ಸಣ್ಣ ಮಣಿಗಳಂತೆ ಗಂಟು ಕಂಡು ಹೆದರುವವರೂ ಇದ್ದಾರೆ. ಅವು ಬಹುಪಾಲು, ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಕವಾಟಗಳಿರುವ ಜಾಗಗಳು. ಅಂಥ ಒಂದು ಗಂಟಿನ ಕೆಳಗೆ, ಬೆರಳುಗಳ ಕಡೆಯಲ್ಲಿ, ನಾಳವನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಮೊಣಕೈ ದಿಕ್ಕಿಗೆ ಗಂಟನ್ನು ದಾಟುವವರೆಗೆ ಸವರಿ, ಎರಡನೆಯ ಬೆರಳನ್ನು ಎತ್ತಿದರೆ ನಡುವಿನ ಭಾಗ ಖಾಲಿಯಾಗಿಯೇ ಉಳಿಯುತ್ತದೆ. ಮೇಲಿನ ರಕ್ತ ಕವಾಟವನ್ನು ದಾಟಿ ಹಿಂದಿರುಗಲಾರದು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ರಕ್ತ ಸುತ್ತುತ್ತದೆ ಎಂಬುದನ್ನು 1628ರಲ್ಲಿ ಲೋಕಕ್ಕೆ ಮನಗಾಣಿಸಿದ್ದು ಇದೇ ಮುಂದೋಳಿನ ಮೇಲೆ, ಇದೇ ಬಗೆಯ ಬೆರಳಾಟದಿಂದ.

ಈ ಪರೀಕ್ಷೆಯಲ್ಲಿ ಉಬ್ಬು ಇಳಿಯುವವರಿಗೆ ಕಾರಣ ಸಾಮಾನ್ಯವಾಗಿ ಅವರ ದಿನಚರಿಯಲ್ಲೇ ಸಿಗುತ್ತದೆ. ಬೇಸಿಗೆಯಲ್ಲಿ ದೇಹ ಶಾಖ ಹೊರಹಾಕಲು ಚರ್ಮದ ನಾಳಗಳನ್ನು ಹಿಗ್ಗಿಸುತ್ತದೆ. ಭಾರ ಎತ್ತುವವರಲ್ಲಿ, ಅದು ಜಿಮ್ ಆಗಲಿ ಮಂಡಿಯ ಮೂಟೆಯಾಗಲಿ, ದುಡಿಯುವ ಸ್ನಾಯು ಊದಿ ಮೇಲಿನ ನಾಳಗಳನ್ನು ಚರ್ಮದ ಕಡೆಗೆ ದೂಡುತ್ತದೆ. ತೆಳ್ಳಗಿರುವವರಲ್ಲಿ ಮುಚ್ಚಲು ಕೊಬ್ಬಿಲ್ಲ. ವಯಸ್ಸಾದಂತೆ ಹಿಂಗೈಯ ಕೊಬ್ಬೂ ಚರ್ಮದ ದಪ್ಪವೂ ಕರಗುತ್ತವೆ. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಇವುಗಳಿಗೆ ಔಷಧ ಬೇಕಿಲ್ಲ. ಅಂದಕ್ಕಾಗಿ ಹಿಂಗೈಯ ನಾಳಗಳನ್ನು ಚುಚ್ಚುಮದ್ದಿನಿಂದಲೋ ಲೇಸರ್‌ನಿಂದಲೋ ಮುಚ್ಚಿಸುವ ಚಿಕಿತ್ಸೆಗಳಿವೆ. ನನ್ನ ಮಟ್ಟಿಗೆ ಅದು ಬುದ್ಧಿವಂತಿಕೆಯಲ್ಲ. ನಾಳೆ ತುರ್ತಾಗಿ ಡ್ರಿಪ್ ಹಾಕಬೇಕಾದಾಗ ನರ್ಸ್ ಮೊದಲು ಹುಡುಕುವುದು ಇವನ್ನೇ.

ಹುಟ್ಟಿನಿಂದ ಅಥವಾ ಬಾಲ್ಯದಿಂದ ಒಂದೇ ಜಾಗದಲ್ಲಿ ನೀಲಿಯಾದ, ಸ್ಪಂಜಿನಂತೆ ಒತ್ತಿದರೆ ತಗ್ಗುವ, ಕೈ ಇಳಿಬಿಟ್ಟರೆ ಮತ್ತೆ ತುಂಬುವ ಉಬ್ಬು ಇದ್ದರೆ ಅದು ನಾಳಗಳ ರಚನೆಯ ದೋಷವಾಗಿರಬಹುದು. ನೋವು ಬರುವವರೆಗೆ ಆತುರವಿಲ್ಲ, ಆದರೆ ಒಮ್ಮೆ ರಕ್ತನಾಳ ತಜ್ಞರಿಗೆ ತೋರಿಸಿಟ್ಟಿರಬೇಕು.

ಕೈ ಎತ್ತಿದರೂ ನಾಳ ಇಳಿಯುತ್ತಿಲ್ಲ

ಎರಡೂ ಕೈಗಳಲ್ಲಿ ಹೀಗಾದರೆ ಹೃದಯದ ಕಡೆ ನೋಡಬೇಕು. ನೆಟ್ಟಗೆ ಕುಳಿತಾಗಲೂ ಕುತ್ತಿಗೆಯ ಪಕ್ಕದ ನಾಳ ಉಬ್ಬಿರುವುದು, ಸಂಜೆಗೆ ಪಾದ ಊದಿ ಒತ್ತಿದರೆ ಗುಳಿ ಬೀಳುವುದು, ಅಂಗಾತ ಮಲಗಿದರೆ ಉಸಿರು ಸಾಲದೆ ದಿಂಬು ಏರಿಸಿಕೊಳ್ಳುವುದು ಜೊತೆಗಿದ್ದರೆ ಹೃದಯದ ಬಲಭಾಗದಲ್ಲಿ ಒತ್ತಡ ಹೆಚ್ಚಿರುವ ಸಂಶಯ ಬಲವಾಗುತ್ತದೆ. ಇದರ ಬದಲು ಮುಖ, ಕುತ್ತಿಗೆ, ಎರಡೂ ತೋಳು ಊದಿ, ಬಗ್ಗಿದಾಗ ತಲೆ ಬಿಗಿದಂತಾದರೆ ಎದೆಯೊಳಗಿನ ಮಹಾ ಅಭಿಧಮನಿಯನ್ನು ಏನೋ ಒತ್ತುತ್ತಿದೆ ಎಂದು ತಿಳಿದು ಅಂದೇ ವೈದ್ಯರನ್ನು ಕಾಣಬೇಕು. ಒಂದೇ ಕೈಯಲ್ಲಿ ನಾಳ ಇಳಿಯದಿದ್ದರೆ ತಡೆ ಆ ಕಡೆಯ ಕಂಕುಳು ಅಥವಾ ಕೊರಳೆಲುಬಿನ ಹತ್ತಿರ ಇರುತ್ತದೆ. ಆ ಭಾಗದಲ್ಲಿ ಹಿಂದೆ ಪೇಸ್‌ಮೇಕರ್, ಕೀಮೋಥೆರಪಿಯ ಪೋರ್ಟ್ ಅಥವಾ ಐಸಿಯುವಿನ ಉದ್ದನೆಯ ನಳಿಕೆ ಹಾಕಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ಮೊದಲ ವಾಕ್ಯದಲ್ಲೇ ಹೇಳಿ.

ನಾಳ ಹುರಿಯಂತೆ ಗಟ್ಟಿಯಾಗಿದೆ, ಮುಟ್ಟಿದರೆ ನೋವು

ನನ್ನ ತಾಯಿ ಜ್ವರಕ್ಕೆಂದು ಮೂರು ದಿನ ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದ ನಾಲ್ಕನೆಯ ದಿನ, ಹೂ ಕಟ್ಟುತ್ತಿದ್ದಾಗ ಮಣಿಕಟ್ಟಿನ ಪಕ್ಕ ಏನೋ ಎಳೆದಂತಾಗುತ್ತದೆ ಎಂದರು. ಸೂಜಿ ಚುಚ್ಚಿದ ಕಲೆಯಿಂದ ಮೇಲಕ್ಕೆ ಎರಡು ಅಂಗುಲ ಉದ್ದಕ್ಕೆ, ಸಣಬಿನ ಹುರಿಯನ್ನು ಚರ್ಮದಡಿ ಹೊಲಿದಿಟ್ಟಂತೆ ಗಟ್ಟಿ ಗೆರೆ ಇತ್ತು. ಅದರ ಮೇಲಿನ ಚರ್ಮ ತುಸು ಕೆಂಪಗೆ, ಬೆಚ್ಚಗೆ ಇತ್ತು. ನಾವು ನೋಡುವಷ್ಟರಲ್ಲಿ ಅವರು ಹರಳೆಣ್ಣೆ ಹಚ್ಚಿ ಎರಡು ದಿನ ಚೆನ್ನಾಗಿ ತಿಕ್ಕಿ, ನೋವನ್ನು ಇಮ್ಮಡಿ ಮಾಡಿಕೊಂಡಿದ್ದರು.

ಇದು ಮೇಲ್ಪದರದ ಅಭಿಧಮನಿಯ ಉರಿಯೂತ. ಡ್ರಿಪ್‌ಗಾಗಿ ನಾಳದೊಳಗೆ ಇರಿಸುವ ಸಣ್ಣ ನಳಿಕೆ (ಕ್ಯಾನುಲಾ) ಅಥವಾ ಅದರ ಮೂಲಕ ಹೋದ ತೀಕ್ಷ್ಣ ಔಷಧ ನಾಳದ ಒಳಗೋಡೆಯನ್ನು ಕೆರಳಿಸಿ, ಅಲ್ಲೇ ಸ್ವಲ್ಪ ರಕ್ತ ಹೆಪ್ಪುಗಟ್ಟುತ್ತದೆ. ಕೈ ಎತ್ತಿದರೆ ಇದು ಇಳಿಯುವುದಿಲ್ಲ, ಏಕೆಂದರೆ ಒಳಗಿರುವುದು ಹರಿಯುವ ರಕ್ತವಲ್ಲ. ಆರೈಕೆ ಸರಳ: ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ದಿನಕ್ಕೆ ಮೂರು ನಾಲ್ಕು ಬಾರಿ 15ರಿಂದ 20 ನಿಮಿಷ ಕಾವು ಕೊಡುವುದು, ಕುಳಿತಾಗ ಮಲಗಿದಾಗ ಕೈಯನ್ನು ದಿಂಬಿನ ಮೇಲೆ ಎತ್ತರದಲ್ಲಿ ಇಡುವುದು, ಬೆರಳುಗಳನ್ನು ಎಂದಿನಂತೆ ಆಡಿಸುತ್ತಿರುವುದು. ಕಾವು ಚರ್ಮ ಸುಡುವಷ್ಟಿರಬಾರದು. ಮಧುಮೇಹದಿಂದ ಸ್ಪರ್ಶ ಕಡಿಮೆಯಾದವರು ಬಟ್ಟೆಯ ಬಿಸಿಯನ್ನು ಮನೆಯ ಬೇರೊಬ್ಬರಿಂದ ನೋಡಿಸಿಕೊಳ್ಳಬೇಕು. ತಿಕ್ಕಬಾರದು. ಐಬುಪ್ರೊಫೇನ್ ಜಾತಿಯ ಮಾತ್ರೆ ನೋವನ್ನೂ ಉರಿಯನ್ನೂ ತಗ್ಗಿಸುತ್ತದೆ, ಆದರೆ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ಗರ್ಭ, ರಕ್ತ ತೆಳುವಾಗಿಸುವ ಮಾತ್ರೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕೇಳದೆ ನುಂಗುವಂತಿಲ್ಲ. ಡೆಂಗಿಯ ಸಂಶಯ ಇನ್ನೂ ಹೋಗಿಲ್ಲದ ಜ್ವರದಲ್ಲಂತೂ ಬೇಡವೇ ಬೇಡ. ನೋವು ಒಂದೆರಡು ವಾರದಲ್ಲಿ ಹೋಗುತ್ತದೆ, ಹುರಿ ಮಾತ್ರ ಕರಗಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಮ್ಮ ತಾಯಿಗೆ ಆರು ವಾರ ಹಿಡಿಯಿತು.

ಸೂಜಿಯ ಜಾಗದಿಂದ ಕೀವು ಬಂದರೆ, ಜ್ವರ ಬಂದರೆ, ಹುರಿ ದಿನೇ ದಿನೇ ಮೊಣಕೈ ದಾಟಿ ಕಂಕುಳಿನತ್ತ ಬೆಳೆದರೆ ಅಥವಾ ಇಡೀ ಕೈ ಊದಿದರೆ ಮನೆಯ ಆರೈಕೆ ಅಲ್ಲಿಗೆ ನಿಲ್ಲಬೇಕು. ಯಾವ ಸೂಜಿಯೂ ಪೆಟ್ಟೂ ಇಲ್ಲದೆ ಇಂಥ ಹುರಿ ಎದ್ದರೆ, ಅದರಲ್ಲೂ ಇಂದು ಒಂದು ಕಡೆ, ಮುಂದಿನ ತಿಂಗಳು ಇನ್ನೊಂದು ಕಡೆ ಎಂದು ಮರುಕಳಿಸಿದರೆ, ರಕ್ತದ ಹೆಪ್ಪುಗಟ್ಟುವ ಗುಣವನ್ನೂ ದೇಹದಲ್ಲಿ ಅಡಗಿರಬಹುದಾದ ಗಡ್ಡೆಯನ್ನೂ ವೈದ್ಯರು ಹುಡುಕಬೇಕಾಗುತ್ತದೆ.

ಹುರಿಯಿದೆ, ಆದರೆ ಚರ್ಮ ಮರಗಟ್ಟಿದೆ

ಆಡುಮಾತಿನ ‘ನರ’ ನಿಜಕ್ಕೂ ನರವೇ ಆಗಿರುವ ಸಂದರ್ಭ ಇದು. ಮಣಿಕಟ್ಟಿನ ಹೆಬ್ಬೆರಳಿನ ಬದಿಯಲ್ಲಿ, ಹಿಂಗೈಯಲ್ಲಿ ಅಥವಾ ಮೊಣಕೈಯ ಒಳಬದಿಯ ಎಲುಬಿನ ಹಿಂದೆ ದಪ್ಪ ದಾರದಂತೆ ಏನೋ ಸಿಗುತ್ತದೆ, ನೀಲಿ ಬಣ್ಣವಿಲ್ಲ, ಕೈ ಎತ್ತಿದರೂ ಬದಲಾಗುವುದಿಲ್ಲ. ಜೊತೆಗೆ ತಿಳಿಬಣ್ಣದ ಅಥವಾ ಕೆಂಪನೆಯ ಮಚ್ಚೆಯಿದ್ದು, ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಸವರಿದರೆ ಅಲ್ಲಿ ತಿಳಿಯದಿದ್ದರೆ, ಅಥವಾ ಬಿಸಿ ಪಾತ್ರೆ ಹಿಡಿದದ್ದು ಬೊಬ್ಬೆ ಎದ್ದ ಮೇಲಷ್ಟೇ ಗೊತ್ತಾದರೆ, ಕುಷ್ಠರೋಗದ ಸಾಧ್ಯತೆಯನ್ನು ಪರಿಶೀಲಿಸಲೇಬೇಕು. ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ಅದು ಇಳಿದಿದೆ ಎಂದು ಭಾರತ 2005ರಲ್ಲಿ ಘೋಷಿಸಿಕೊಂಡಿತಾದರೂ ಹೊಸ ರೋಗಿಗಳು ಇಂದಿಗೂ ಸಿಗುತ್ತಿದ್ದಾರೆ. ಬಹು ಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರೋಗದ ಬಗೆಯನ್ನು ನೋಡಿ 6 ಅಥವಾ 12 ತಿಂಗಳು ನುಂಗಬೇಕು. ಹೆಸರಿಗೆ ಹೆದರಿ ತಡಮಾಡಿದಷ್ಟೂ ಬೆರಳುಗಳ ಬಲ ಹೋಗುತ್ತದೆ.

ಒಂದು ತೋಳು ಊದಿದೆ, ಭುಜದ ಮೇಲೆ ಹೊಸ ನಾಳಗಳು ಕಾಣುತ್ತಿವೆ

ಇದು ಈ ಇಡೀ ಪಟ್ಟಿಯಲ್ಲಿ ಜನ ಅತಿ ಸುಲಭವಾಗಿ ‘ಉಳುಕು’ ಎಂದು ತಳ್ಳಿಹಾಕುವ ಲಕ್ಷಣ. ಇಪ್ಪತ್ತು ಮೂವತ್ತರ ಪ್ರಾಯದ ಗಟ್ಟಿಮುಟ್ಟಾದ ವ್ಯಕ್ತಿ, ಹಿಂದಿನ ದಿನ ಭಾರ ಎತ್ತಿರುತ್ತಾನೆ, ವಾಲಿಬಾಲ್ ಆಡಿರುತ್ತಾನೆ ಅಥವಾ ಕೈ ಮೇಲೆತ್ತಿ ಇಡೀ ದಿನ ಗೋಡೆಗೆ ಬಣ್ಣ ಬಳಿದಿರುತ್ತಾನೆ. ಮರುದಿನ, ಅವನು ಹೆಚ್ಚು ಬಳಸುವ ಕೈಯೇ ಬಿಗಿದು, ಅಂಗಿಯ ತೋಳು ಏರದಷ್ಟು ದಪ್ಪವಾಗಿ, ನೀಲಿಛಾಯೆಗೆ ತಿರುಗುತ್ತದೆ. ಕನ್ನಡಿಯ ಮುಂದೆ ನಿಂತರೆ ಭುಜ ಮತ್ತು ಎದೆಯ ಮೇಲ್ಭಾಗದಲ್ಲಿ ಮೊದಲು ಇಲ್ಲದ ನೀಲಿ ಗೆರೆಗಳ ಬಲೆ ಕಾಣಬಹುದು. ಮೊದಲ ಪಕ್ಕೆಲುಬು ಮತ್ತು ಕೊರಳೆಲುಬಿನ ನಡುವಿನ ಇಕ್ಕಟ್ಟಿನಲ್ಲಿ ಹಾದುಹೋಗುವ ಆಳದ ಅಭಿಧಮನಿ ಪದೇ ಪದೇ ಒತ್ತಿಸಿಕೊಂಡು ಒಳಗೆ ರಕ್ತ ಹೆಪ್ಪುಗಟ್ಟುವುದರಿಂದ, ರಕ್ತ ಪಕ್ಕದ ಸಣ್ಣ ದಾರಿಗಳನ್ನು ಹಿಡಿದಿರುತ್ತದೆ. 1875ರಲ್ಲಿ ಜೇಮ್ಸ್ ಪ್ಯಾಜೆಟ್, 1884ರಲ್ಲಿ ಲಿಯೋಪೋಲ್ಡ್ ಫಾನ್ ಶ್ರೋಟರ್ ವಿವರಿಸಿದ ಕಾರಣ ವೈದ್ಯರು ಇದನ್ನು ಅವರಿಬ್ಬರ ಹೆಸರಿನಿಂದ ಕರೆಯುತ್ತಾರೆ. ವಯಸ್ಸಾದವರಲ್ಲಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಲ್ಲಿ, ಉದ್ದನೆಯ ನಳಿಕೆ ಹಾಕಿಸಿಕೊಂಡವರಲ್ಲಿ ಭಾರ ಎತ್ತದೆಯೂ ಹೀಗಾಗುತ್ತದೆ.

ಎರಡೂ ತೋಳುಗಳ ಸುತ್ತಳತೆಯನ್ನು ಮೊಣಕೈಯಿಂದ ಒಂದೇ ದೂರದಲ್ಲಿ ದರ್ಜಿಯ ಟೇಪಿನಿಂದ ಅಳೆದು ಬರೆದಿಡಬಹುದು. ಅದಕ್ಕಿಂತ ಹೆಚ್ಚಿನ ಪರೀಕ್ಷೆ ಮನೆಯಲ್ಲಿ ಬೇಡ. ಎಣ್ಣೆ ತಿಕ್ಕಿಸುವುದು, ನಾಟಿ ಪಟ್ಟು ಕಟ್ಟಿಸುವುದು, ನೋವು ಬಿಡಲೆಂದು ಮತ್ತೆ ವ್ಯಾಯಾಮ ಮಾಡುವುದು ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವನ್ನು ತರುತ್ತವೆ. ನಾಳದೊಳಗಿನ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಆಸ್ಪತ್ರೆಯ ಮೊದಲ ಹೆಜ್ಜೆ. ಹೆಪ್ಪು ಖಚಿತವಾದರೆ ರಕ್ತ ತೆಳುವಾಗಿಸುವ ಔಷಧ ಕನಿಷ್ಠ ಮೂರು ತಿಂಗಳು ನಡೆಯುತ್ತದೆ. ಯುವಕರಲ್ಲಿ ಹೆಪ್ಪನ್ನು ಕರಗಿಸುವ ಚಿಕಿತ್ಸೆ ಮೊದಲ ಎರಡು ವಾರದೊಳಗೆ ಹೆಚ್ಚು ಫಲ ಕೊಡುತ್ತದೆ.

ಸ್ತನದ ಶಸ್ತ್ರಚಿಕಿತ್ಸೆಯ ಬಳಿಕ ಆ ಬದಿಯ ತೋಳು ತಿಂಗಳುಗಳಲ್ಲಿ ನಿಧಾನವಾಗಿ ಊದುವುದು ಬೇರೆ ಸಂಗತಿ, ಅದು ದುಗ್ಧರಸದ (ಲಿಂಫ್ ಎಂಬ ದೇಹದ ದ್ರವದ) ತಡೆ. ಆದರೂ ಅಂಥ ತೋಳು ಒಮ್ಮೆಲೇ ದಪ್ಪವಾದರೆ ಮೇಲಿನ ಎಚ್ಚರಿಕೆಗಳೇ ಅನ್ವಯಿಸುತ್ತವೆ.

ಮಣಿಕಟ್ಟಿನ ಮೇಲೆ ಗೋಲಿಯಂಥ ಗಂಟು

ಕೈ ಮತ್ತು ಮಣಿಕಟ್ಟಿನಲ್ಲಿ ಏಳುವ ಗಂಟುಗಳಲ್ಲಿ ಅತಿ ಸಾಮಾನ್ಯವಾದದ್ದು ಗ್ಯಾಂಗ್ಲಿಯಾನ್, ಅಂದರೆ ಕೀಲಿನ ಅಥವಾ ಸ್ನಾಯುರಜ್ಜುವಿನ ಪೊರೆಯಿಂದ ಹೊರಚಾಚಿಕೊಂಡ, ಲೋಳೆಯಂಥ ದ್ರವ ತುಂಬಿದ ಚೀಲ. ಇಪ್ಪತ್ತರಿಂದ ನಲವತ್ತರ ವಯಸ್ಸಿನವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಹೆಚ್ಚು. ಬಹುಪಾಲು ಮಣಿಕಟ್ಟಿನ ಹಿಂಬದಿಯ ನಡುಭಾಗದಲ್ಲಿ ಏಳುತ್ತದೆ, ಕೈ ಮಡಚಿದಾಗ ಎದ್ದು ಕಾಣುತ್ತದೆ, ಕೆಲಸ ಹೆಚ್ಚಾದ ವಾರ ದೊಡ್ಡದಾಗಿ ವಿಶ್ರಾಂತಿಯಲ್ಲಿ ಕುಗ್ಗುತ್ತದೆ. ಈ ಏರಿಳಿತವೇ ಒಂದು ಒಳ್ಳೆಯ ಸುಳಿವು; ಮಾಂಸದ ಗಡ್ಡೆ ಹಾಗೆ ಬಂದು ಹೋಗುವುದಿಲ್ಲ.

ನನ್ನ ಎಡ ಮಣಿಕಟ್ಟಿನ ಮೇಲೆ ಇಂಥದೊಂದು ಎದ್ದಾಗ ಎಲುಬೇ ಜರುಗಿದೆ ಎಂದು ಭಾವಿಸಿದ್ದೆ, ಅಷ್ಟು ಗಟ್ಟಿಯಾಗಿತ್ತು. ರಾತ್ರಿ ದೀಪ ಆರಿಸಿ, ಪೆನ್‌ಟಾರ್ಚನ್ನು ಗಂಟಿನ ಬದಿಗೆ ಒತ್ತಿ ಹಿಡಿದಾಗ ಅದು ಬೆಳಕಿಗೆ ಹಿಡಿದ ದ್ರಾಕ್ಷಿಯಂತೆ ಒಳಗಿನಿಂದ ಕೆಂಪಗೆ ಬೆಳಗಿತು. ಒಳಗೆ ತಿಳಿಯಾದ ದ್ರವವಿದ್ದರೆ ಬೆಳಕು ಹಾದುಹೋಗುತ್ತದೆ. ಎಲುಬು, ಗಟ್ಟಿ ಗಡ್ಡೆ ಬೆಳಗುವುದಿಲ್ಲ. ಮೊಬೈಲಿನ ಟಾರ್ಚಿನ ಬೆಳಕು ಅಗಲವಾಗಿ ಚೆಲ್ಲುವುದರಿಂದ ಸುತ್ತಲಿನ ಚರ್ಮವೂ ಬೆಳಗಿ ಮೋಸಹೋಗುವ ಸಂಭವವಿದೆ, ಸಣ್ಣ ಬಾಯಿಯ ಟಾರ್ಚ್ ಉತ್ತಮ. ಬೆಳಗಲಿಲ್ಲವೆಂದ ಮಾತ್ರಕ್ಕೆ ಕೆಟ್ಟ ಗಡ್ಡೆ ಎಂದೂ ಅರ್ಥವಲ್ಲ: ಹಿಂಗೈಯ ನಡುವೆ, ಮಣಿಕಟ್ಟಿಗಿಂತ ತುಸು ಬೆರಳುಗಳ ಕಡೆ ಇರುವ ಕಲ್ಲಿನಂಥ ಉಬ್ಬು ಎಷ್ಟೋ ಬಾರಿ ಎಲುಬಿನ ಅಂಚಿನ ಸಹಜ ಬೆಳವಣಿಗೆ, ಎಕ್ಸ್‌ರೇ ಅದನ್ನು ತೋರಿಸುತ್ತದೆ.

ನೋವಿಲ್ಲದ ಗ್ಯಾಂಗ್ಲಿಯಾನಿಗೆ ಮಾಡಬೇಕಾದ ಮೊದಲ ಚಿಕಿತ್ಸೆ ಅದನ್ನು ಬಿಟ್ಟುಬಿಡುವುದು. ಸುಮಾರು ಅರ್ಧದಷ್ಟು ತಾವಾಗಿ ಮಾಯವಾಗುತ್ತವೆ. ನನ್ನದು ಹೋಗಲು ಒಂದು ವರ್ಷದ ಮೇಲಾಯಿತು, ಹೋದದ್ದು ಯಾವಾಗ ಎಂದು ಗಮನಿಸಲೂ ಇಲ್ಲ. ನೋವಿದ್ದರೆ ಕೆಲವು ದಿನ ಮಣಿಕಟ್ಟಿನ ಪಟ್ಟಿ ಧರಿಸಿ ಕೆಲಸ ತಗ್ಗಿಸಬಹುದು. ವೈದ್ಯರು ಸೂಜಿಯಿಂದ ಲೋಳೆಯನ್ನು ಎಳೆದು ತೆಗೆದರೆ ಗಂಟು ಅಂದೇ ಚಪ್ಪಟೆಯಾಗುತ್ತದೆ, ಆದರೆ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಮರಳಿ ಬರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಬುಡಸಮೇತ ತೆಗೆದರೆ ಮರುಕಳಿಸುವುದು ಕಡಿಮೆ, ಇಲ್ಲವೆಂದಲ್ಲ. ದಪ್ಪ ಪುಸ್ತಕದಿಂದ ಬಡಿದು ಒಡೆಯುವ ಹಳೆಯ ಪದ್ಧತಿಯಲ್ಲಿ ಕೈಯ ಎಲುಬು ಮುರಿದುಕೊಂಡರೆ ನಷ್ಟ ನಮ್ಮದೇ. ಸುಣ್ಣ ಬೆಲ್ಲ ಕಲಸಿ ಪಟ್ಟು ಹಾಕುವುದು ನಮ್ಮ ಮನೆಗಳ ಮದ್ದು. ಸುಣ್ಣ ಚರ್ಮವನ್ನು ಸುಡುತ್ತದೆ, ಕೀಲಿನ ಒಳಗಿನ ಚೀಲವನ್ನು ಅದು ತಲುಪುವುದೇ ಇಲ್ಲ.

ಗಂಟು ಮಣಿಕಟ್ಟಿನ ಅಂಗೈ ಬದಿಯಲ್ಲಿ, ನಾಡಿ ನೋಡುವ ಜಾಗದಲ್ಲೇ ಇದ್ದರೆ ಯಾರಿಂದಲೂ ಸುಮ್ಮನೆ ಚುಚ್ಚಿಸಿಕೊಳ್ಳಬೇಡಿ. ಹೃದಯದಿಂದ ರಕ್ತ ತರುವ ಅಪಧಮನಿ ಅದಕ್ಕೆ ಒತ್ತಿಕೊಂಡೇ ಇರುತ್ತದೆ, ಕೆಲವೊಮ್ಮೆ ಗಂಟೇ ಅಪಧಮನಿಯ ಉಬ್ಬಾಗಿರುತ್ತದೆ. ಅಲ್ಲಿ ಸ್ಕ್ಯಾನ್ ಮೊದಲು, ಸೂಜಿ ಆಮೇಲೆ.

ಅಂಗೈಯಲ್ಲಿ, ಬೆರಳಿನಲ್ಲಿ ಗಂಟು

ಬೆಳಿಗ್ಗೆ ಎದ್ದಾಗ ಬೆರಳು ಮಡಚಿದಂತೆಯೇ ಸಿಕ್ಕಿಕೊಂಡು, ಇನ್ನೊಂದು ಕೈಯಿಂದ ಬಿಡಿಸಿದರೆ ‘ಟಕ್’ ಎಂದು ನೇರವಾಗುವುದಾದರೆ, ಆ ಬೆರಳಿನ ಬುಡದಲ್ಲಿ ಅಂಗೈಯ ಗೆರೆಯ ಹತ್ತಿರ ಒತ್ತಿ ನೋಡಿ. ಬಟಾಣಿಯಷ್ಟು ನೋಯುವ ಗಂಟು ಸಿಕ್ಕಿ, ಬೆರಳಿನ ಜೊತೆ ಅದೂ ಸರಿದಾಡಿದರೆ ಅದು ಟ್ರಿಗರ್ ಬೆರಳು. ಮಧುಮೇಹಿಗಳಲ್ಲಿ ಇದು ಹೆಚ್ಚು. ಸಕ್ಕರೆ ಪರೀಕ್ಷಿಸಿಕೊಂಡಿಲ್ಲದವರಿಗೆ ಪರೀಕ್ಷಿಸಲು ಇದೇ ನೆಪವಾಗಲಿ. ವಿಶ್ರಾಂತಿ ಮತ್ತು ಪಟ್ಟಿಯಿಂದ ಕಡಿಮೆಯಾಗದಿದ್ದರೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ, ಅದರ ನಂತರ ಕೆಲವು ದಿನ ಸಕ್ಕರೆ ಏರುತ್ತದೆ.

ಅಂಗೈಯ ಗಂಟು ಚರ್ಮಕ್ಕೆ ಅಂಟಿಕೊಂಡು, ಉಂಗುರದ ಬೆರಳು ಅಥವಾ ಕಿರುಬೆರಳಿನತ್ತ ಹಗ್ಗದಂತೆ ಚಾಚಿದರೆ ಕೈಯನ್ನು ಮೇಜಿನ ಮೇಲೆ ಬೋರಲಾಗಿ ಊರಿ. ಅಂಗೈ ಪೂರ್ತಿ ಮೇಜಿಗೆ ತಾಗದಿದ್ದರೆ ಕೈ ಶಸ್ತ್ರಚಿಕಿತ್ಸಕರನ್ನು ಕಾಣುವ ಕಾಲ ಬಂದಿದೆ. ಫ್ರೆಂಚ್ ವೈದ್ಯ ದ್ಯುಪಿತ್ರಾನ್ ಹೆಸರಿನ ಈ ಸೆಳೆತ ಉತ್ತರ ಯುರೋಪಿನವರಲ್ಲಿ ಹೆಚ್ಚು, ನಮ್ಮಲ್ಲಿ ವಿರಳ.

ಬೆರಳ ತುದಿಯ ಕೀಲುಗಳಲ್ಲಿ ನಿಧಾನವಾಗಿ ಏಳುವ ಗಟ್ಟಿ ಗುಬುಟುಗಳು ಸವೆತದ ಸಂಧಿವಾತದವು. ಅಂಥ ಕೀಲಿನ ಪಕ್ಕ, ಉಗುರಿನ ಬುಡದಲ್ಲಿ, ತೆಳು ಚರ್ಮದ ನೀರುಗುಳ್ಳೆ ಎದ್ದು ಉಗುರಿನಲ್ಲಿ ಉದ್ದಕ್ಕೆ ತಗ್ಗು ಬಿದ್ದಿದ್ದರೆ ಅದನ್ನು ಪಿನ್ನಿನಿಂದ ಚುಚ್ಚಬೇಡಿ. ಒಳಗಿನ ದಾರಿ ನೇರ ಕೀಲಿಗೆ ಹೋಗುತ್ತದೆ. ಸುಣ್ಣದಂತೆ ಬೆಳ್ಳಗೆ ಹೊಳೆಯುವ ಗಂಟು ಯೂರಿಕ್ ಆಮ್ಲದ್ದು. ಬೆರಳಿನ ಅಂಗೈ ಬದಿಯಲ್ಲಿ ಗಟ್ಟಿಯಾಗಿ, ಬೆಳಕಿಗೆ ಬೆಳಗದೆ, ವರ್ಷಗಳಲ್ಲಿ ನಿಧಾನವಾಗಿ ಬೆಳೆಯುವ ಗಂಟು ಸ್ನಾಯುರಜ್ಜುವಿನ ಪೊರೆಯ ಗಡ್ಡೆಯಾಗಿರಬಹುದು. ಕ್ಯಾನ್ಸರ್ ಅಲ್ಲ, ಆದರೆ ತೆಗೆಸಬೇಕಾದದ್ದು. ಹಳೆಯ ಗಾಯದ ಜಾಗದಲ್ಲಿ, ದರ್ಜಿಗಳಿಗೆ ಸೂಜಿ ಹೊಕ್ಕಲ್ಲಿ, ಚರ್ಮದ ಕಣಗಳು ಒಳಗೆ ಸೇರಿ ಮುದ್ದೆಯಾಗುವುದೂ ಸಾಮಾನ್ಯ. ಬೆರಳ ಗೆಣ್ಣುಗಳ ಹಿಂಬದಿಯ ರಜ್ಜುಗಳ ಮೇಲೆ ನೋವಿಲ್ಲದ ಗಂಟುಗಳು ಎರಡೂ ಕೈಗಳಲ್ಲಿ ಎದ್ದಿದ್ದರೆ, ಅದರಲ್ಲೂ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರಿದ್ದರೆ, ಕೊಲೆಸ್ಟರಾಲ್ ಪರೀಕ್ಷೆ ಆಗಲೇಬೇಕು. ಉಗುರಿನಡಿ ನೀಲಿ ಚುಕ್ಕೆಯಿದ್ದು, ತಣ್ಣೀರು ಮುಟ್ಟಿದರೆ ಕಿರುಚುವಷ್ಟು ನೋವಾದರೆ ಅದು ಗ್ಲೋಮಸ್ ಎಂಬ ಪುಟ್ಟ ಗಡ್ಡೆ. ತೆಗೆದರೆ ನೋವು ಹೋಗುತ್ತದೆ.

ಯಾವ ಜಾಗದಲ್ಲೇ ಇರಲಿ, ವಾರದಿಂದ ವಾರಕ್ಕೆ ಬೆಳೆಯುವ, ಆಳಕ್ಕೆ ಅಂಟಿಕೊಂಡ, ರಾತ್ರಿ ನೋಯುವ ಅಥವಾ 5 ಸೆಂಟಿಮೀಟರ್ ದಾಟಿದ ಗಂಟನ್ನು ಕಾದು ನೋಡುವಂತಿಲ್ಲ.

ಗಂಟು ನಾಡಿಯಂತೆ ಮಿಡಿಯುತ್ತಿದೆ

ಬೆರಳನ್ನು ಹಗುರವಾಗಿ ಇಟ್ಟು ಗಮನಿಸಿ, ಒತ್ತಬೇಡಿ. ಮಣಿಕಟ್ಟಿನ ಮೂಲಕ ಆಂಜಿಯೋಗ್ರಾಮ್ ಮಾಡಿಸಿಕೊಂಡ ದಿನಗಳಲ್ಲಿ ಅಲ್ಲಿ ಮಿಡಿಯುವ ಉಬ್ಬು ಎದ್ದರೆ ಅಪಧಮನಿಯ ತೂತು ಪೂರ್ತಿ ಮುಚ್ಚಿಲ್ಲ. ರಕ್ತ ಹೊರಬಂದರೆ ಆ ಬಿಂದುವಿನ ಮೇಲೆಯೇ ಹೆಬ್ಬೆರಳಿನಿಂದ ಬಿಗಿಯಾಗಿ ಒತ್ತಿ, ಕೈ ಎತ್ತಿ ಹಿಡಿದು ಆಸ್ಪತ್ರೆಗೆ ಹೊರಡಿ. ಅಂಗೈಯ ಕಿರುಬೆರಳಿನ ಬದಿಯಲ್ಲಿ ಮಿಡಿಯುವ ಗಂಟು, ಉಂಗುರ ಬೆರಳು ತಣ್ಣಗಾಗುವುದು ಬಡಗಿಗಳಲ್ಲಿ, ಮೆಕ್ಯಾನಿಕ್‌ಗಳಲ್ಲಿ ಕಾಣುತ್ತದೆ: ಸುತ್ತಿಗೆಯ ಬದಲು ಅಂಗೈಯಿಂದಲೇ ಗುದ್ದಿ ಗುದ್ದಿ ಅಲ್ಲಿನ ಅಪಧಮನಿ ಹಾನಿಗೊಂಡಿರುತ್ತದೆ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ತೋಳಿನ ಉಬ್ಬು ದೋಷವಲ್ಲ, ಬೇಕೆಂದೇ ಮಾಡಿದ್ದು. ನ್ಯೂಯಾರ್ಕಿನ ವೈದ್ಯರಾದ ಬ್ರೆಸಿಯಾ, ಚಿಮಿನೋ ಮತ್ತು ಸಂಗಡಿಗರು 1966ರಲ್ಲಿ ವಿವರಿಸಿದಂತೆ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿದ ಫಿಸ್ಟುಲಾ ಅದು. ಪ್ರತಿ ಬೆಳಿಗ್ಗೆ ಅದರ ಮೇಲೆ ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದಂಥ ಕಂಪನ ಸಿಗಬೇಕು. ಕಂಪನ ನಿಂತಿದ್ದರೆ ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯದೆ ಕೇಂದ್ರಕ್ಕೆ ತಿಳಿಸಿ. ಮೊದಲ ಗಂಟೆಗಳಲ್ಲಿ ಅದನ್ನು ಉಳಿಸಬಹುದು. ಉಬ್ಬಿನ ಮೇಲಿನ ಚರ್ಮ ತೆಳುವಾಗಿ ಹೊಳೆಯತೊಡಗಿದರೆ, ಹಕ್ಕಳೆ ಕಟ್ಟಿದರೆ ಅದು ಒಡೆಯುವ ಮುನ್ಸೂಚನೆ. ಆ ಕೈಗೆ ಬಿಗಿ ಬಳೆ, ರಕ್ತದೊತ್ತಡದ ಪಟ್ಟಿ, ಬೇರೆ ಸೂಜಿ ಯಾವುದೂ ಬೇಡ. ಮೂತ್ರಪಿಂಡದ ಕಾಯಿಲೆ ಇನ್ನೂ ಮೊದಲ ಹಂತದಲ್ಲಿರುವವರು ಸಹ ಕಡಿಮೆ ಬಳಸುವ ಕೈಯ ನಾಳಗಳನ್ನು ಮುಂದಿನ ಅಗತ್ಯಕ್ಕೆ ಕಾಪಾಡಿಕೊಂಡು, ರಕ್ತ ತೆಗೆಯುವವರಿಗೆ ಹಿಂಗೈಯನ್ನೇ ಒಡ್ಡುವುದು ಲೇಸು.

ಕೆಂಪು, ಬಿಸಿ, ಕೀವು

ಉಗುರುಸುತ್ತು ಎಲ್ಲರಿಗೂ ಗೊತ್ತಿರುವುದೇ. ಆರಂಭದಲ್ಲಿ ದಿನಕ್ಕೆ ಮೂರು ನಾಲ್ಕು ಬಾರಿ ಬೆಚ್ಚನೆಯ ನೀರಿನಲ್ಲಿ ಬೆರಳು ಅದ್ದಿದರೆ ಸಾಕಾಗಬಹುದು. ಕೀವು ಕಟ್ಟಿದ ಮೇಲೆ ಅದನ್ನು ಕೊಯ್ದು ಹೊರತೆಗೆಯುವುದು ವೈದ್ಯರ ಕೆಲಸ. ಗುಂಪಾಗಿ ಎದ್ದ ನೀರುಗುಳ್ಳೆಗಳಾಗಿದ್ದರೆ ಅದು ವೈರಸ್ಸಿನದು, ಕೊಯ್ಯಬಾರದು. ಬೆರಳು ಪೂರ್ತಿ ಒಂದೇ ಸಮ ಊದಿ, ಬಾಗಿ ನಿಂತು, ಅಂಗೈ ಬದಿಯ ಉದ್ದಕ್ಕೂ ಒತ್ತಿದರೆ ನೋವಿದ್ದು, ನೇರ ಮಾಡಿದರೆ ತಡೆಯಲಾಗದಿದ್ದರೆ ಕೀವು ಸ್ನಾಯುರಜ್ಜುವಿನ ಕೊಳವೆಯೊಳಗೆ ಇಳಿದಿದೆ. ಒಂದು ರಾತ್ರಿಯ ವಿಳಂಬವೂ ಬೆರಳಿನ ಚಲನೆಯನ್ನು ಕಸಿಯಬಹುದು.

ತೋಟದ ಕೆಲಸದವರಲ್ಲಿ ಇನ್ನೊಂದು ಬಗೆಯಿದೆ. ಮುಳ್ಳು ಚುಚ್ಚಿ ಕೆಲವು ವಾರಗಳಾದ ಮೇಲೆ ಅಲ್ಲಿ ಮಾಯದ ಹುಣ್ಣು, ಬಳಿಕ ಮುಂದೋಳಿನ ಮೇಲಕ್ಕೆ ಸಾಲಾಗಿ ಒಂದೊಂದೇ ಗಂಟು ಏರುತ್ತ ಹೋಗುತ್ತದೆ, ನೋವು ಅಷ್ಟಿರುವುದಿಲ್ಲ. ಮಣ್ಣಿನ ಶಿಲೀಂಧ್ರವೊಂದು ದುಗ್ಧನಾಳದ ದಾರಿ ಹಿಡಿದಿರುವುದು ಇದಕ್ಕೆ ಸಾಮಾನ್ಯ ಕಾರಣ. ಸಾಮಾನ್ಯ ಆ್ಯಂಟಿಬಯಾಟಿಕ್ ಇದಕ್ಕೆ ಕೆಲಸ ಮಾಡುವುದಿಲ್ಲ, ತಿಂಗಳುಗಟ್ಟಲೆ ಶಿಲೀಂಧ್ರದ ಔಷಧ ಬೇಕು. ಚರ್ಮರೋಗ ತಜ್ಞರಿಗೆ ಮುಳ್ಳಿನ ವಿಷಯವನ್ನು ಮರೆಯದೆ ಹೇಳಬೇಕು.

ವೈದ್ಯರ ಬಳಿಗೆ ಹೋಗುವಾಗ

ನಾಳದ ತೊಂದರೆಯೆನಿಸಿದರೆ ಸಾಮಾನ್ಯ ವೈದ್ಯರು ಅಥವಾ ರಕ್ತನಾಳ ಶಸ್ತ್ರಚಿಕಿತ್ಸಕರು, ಗಂಟಾದರೆ ಮೂಳೆ ಅಥವಾ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸಕರಲ್ಲಿ ಕೈಯ ಅನುಭವವಿರುವವರು ನೋಡುತ್ತಾರೆ. ಹೆಚ್ಚಿನ ಪ್ರಶ್ನೆಗಳಿಗೆ ಅಲ್ಟ್ರಾಸೌಂಡ್ ಸಾಕು, ಅದು ದ್ರವ, ಗಡ್ಡೆ, ಹರಿಯುವ ರಕ್ತ, ಹೆಪ್ಪು ಎಲ್ಲವನ್ನೂ ಬೇರ್ಪಡಿಸುತ್ತದೆ; ಎಲುಬಿನ ಸಂಶಯಕ್ಕೆ ಎಕ್ಸ್‌ರೇ; ಎಂಆರ್‌ಐ ಇವೆರಡರ ನಂತರದ ಮಾತು. ಆರಂಭದಲ್ಲೇ ಎಂಆರ್‌ಐ ಬರೆದುಕೊಟ್ಟರೆ ಅದರಿಂದ ಏನನ್ನು ತಿಳಿಯಬೇಕಾಗಿದೆ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಗಂಟು ಎದ್ದದ್ದು ಯಾವಾಗ, ಬಂದು ಹೋಗುತ್ತದೆಯೇ, ಆ ಕೈಗೆ ಸೂಜಿ, ಪೆಟ್ಟು, ಮುಳ್ಳು ಏನಾದರೂ ತಗಲಿತ್ತೇ, ನುಂಗುತ್ತಿರುವ ಮಾತ್ರೆಗಳು ಯಾವುವು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ತುರ್ತಿಲ್ಲದ ಗಂಟಾದರೆ ಅದರ ಪಕ್ಕ ಒಂದು ರೂಪಾಯಿಯ ನಾಣ್ಯ ಇಟ್ಟು, ಎರಡು ವಾರಕ್ಕೊಮ್ಮೆ ಅದೇ ಬೆಳಕಿನಲ್ಲಿ, ಕೈಯನ್ನು ಅದೇ ಭಂಗಿಯಲ್ಲಿಟ್ಟು ಫೋಟೋ ತೆಗೆಯಿರಿ. ಪ್ರತಿಸಲವೂ ಅದೇ ನಾಣ್ಯವನ್ನೇ ಬಳಸಿ, ಏಕೆಂದರೆ ಹಳೆಯ ಮತ್ತು ಹೊಸ ಒಂದು ರೂಪಾಯಿಗಳ ಅಳತೆ ಒಂದೇ ಅಲ್ಲ.